ಶಾಲು ಹೊದಿಸುವ ಮುನ್ನ ಲೆಕ್ಕ ಕೇಳಿ

2025ರ ಜನವರಿ 5ರಂದು ತಮಿಳುನಾಡಿನ 28 ಜಿಲ್ಲೆಗಳ ಗ್ರಾಮ ಪಂಚಾಯಿತಿಗಳ ಅವಧಿ ಒಂದೇ ದಿನ ಮುಗಿಯಿತು. 2019ರ ಡಿಸೆಂಬರ್ ಕೊನೆಯಲ್ಲಿ ಎರಡು ಹಂತದ ಮತದಾನದಲ್ಲಿ ಗೆದ್ದು, 2020ರ ಜನವರಿ 6ರಂದು ಪ್ರಮಾಣವಚನ ಸ್ವೀಕರಿಸಿದ್ದ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಅಧ್ಯಕ್ಷರು ಅಂದು ಮಾಜಿಗಳಾದರು. ಸೇಲಂ ಜಿಲ್ಲೆಯ 385 ಪಂಚಾಯಿತಿಗಳು, ಧರ್ಮಪುರಿ ಜಿಲ್ಲೆಯ 251, ಒಟ್ಟು 636 ಪಂಚಾಯಿತಿಗಳ ಅಧಿಕಾರಾವಧಿ ಹೀಗೆ ಕೊನೆಗೊಂಡಿತು. ಇಂಥ ಹೊತ್ತಿಗೆಂದೇ ನಮ್ಮಲ್ಲಿ ಒಂದು ಸಿದ್ಧ ವಿಧಿ ಇದೆ: ಶಾಮಿಯಾನ, ಫ್ಲೆಕ್ಸು, ಹಾರ, ಶಾಲು, ನೆನಪಿನ ಕಾಣಿಕೆ, ನಾಲ್ಕು ಜನರ ಹೊಗಳಿಕೆ, ಕೊನೆಗೆ ಊಟ. ತಮಿಳುನಾಡಿನಲ್ಲಿ ಹೊದಿಸುವುದು ಪೊನ್ನಾಡೈ, ನಮ್ಮ ಕಡೆ ಅದರ ಜೊತೆಗೆ ಮೈಸೂರು ಪೇಟ; ಉಳಿದದ್ದರಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಈ ವಿಧಿಯ ಮೇಲೆ ನನಗೆ ಕೋಪವಿಲ್ಲ. ಆದರೆ ಮಾಡಲೇಬೇಕಾದ ಒಂದು ಕೆಲಸ ಇದರಲ್ಲಿ ಬಿಟ್ಟುಹೋಗಿದೆ. ಐದು ವರ್ಷ ಊರಿನ ದುಡ್ಡು, ನೀರು, ಬೀದಿದೀಪ ನೋಡಿಕೊಂಡವರು ಊರಿನ ಮುಂದೆ ಲೆಕ್ಕ ಒಪ್ಪಿಸುವುದು, ಊರು ಅದನ್ನು ಕೇಳಿ ಒಪ್ಪಿಕೊಳ್ಳುವುದು, ಆಮೇಲೆ ಊರೇ ಆರಿಸಿದ ಇನ್ನೊಬ್ಬರ ಕೈಗೆ ಅದನ್ನು ದಾಟಿಸುವುದು. ಸ್ಥಳೀಯ ನಾಯಕರಿಗೆ ಸಲ್ಲಬೇಕಾದ ಮೊದಲ ಗೌರವ ಇದು ಎಂಬುದು ಈ ಲೇಖನದ ವಾದ.

ಕನ್ನಡದ ಓದುಗರಿಗೆ ಸೇಲಂ, ಧರ್ಮಪುರಿಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದಲ್ಲಿ ಅದು ನೊಳಂಬ ಅರಸರ ಕೈಯಲ್ಲಿತ್ತು. ಸೇಲಂ ನಗರದ ದೇವಾಂಗ ನೇಕಾರರ ಮನೆಗಳಲ್ಲಿ, ಪೆನ್ನಾಗರಂ ಮತ್ತು ಮೆಟ್ಟೂರು ಕಡೆಯ ಕಾವೇರಿ ದಂಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾತಾಡುವವರಿದ್ದಾರೆ. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ಹೊಸೂರು ಸೀಮೆಯನ್ನು ಒಳಗೊಂಡ ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾದದ್ದು 2004ರಲ್ಲಿ. ಗಡಿಯ ಗೆರೆ ಎಲ್ಲೇ ಬಿದ್ದರೂ ಪಂಚಾಯಿತಿ ಕಟ್ಟೆಯ ಸಮಸ್ಯೆಗಳು ಎರಡೂ ಕಡೆ ಒಂದೇ ಬಗೆಯವು.

ಸಾರ್ವಜನಿಕ ಕೆಲಸ ಮಾಡಿದವರನ್ನು ಈ ನೆಲ ಹಿಂದೆ ಹೇಗೆ ನೆನೆಯಿತು ಎಂದು ನೋಡಿದರೆ ನನ್ನ ವಾದಕ್ಕೆ ಒಂದು ಹಳೆಯ ಸಾಕ್ಷಿ ಸಿಗುತ್ತದೆ. ಧರ್ಮಪುರಿಯಲ್ಲಿ ದೊರೆತ, ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನವೊಂದು ಶಕ ವರ್ಷ 815ರದ್ದು, ಅಂದರೆ ಕ್ರಿ.ಶ. 893. ನಿಧಿಯಣ್ಣ, ಚಂಡಿಯಣ್ಣ ಎಂಬ ಇಬ್ಬರು ತಗಡೂರಿನಲ್ಲಿ ಬಸದಿ ಕಟ್ಟಿಸಿದರು. ನಿಧಿಯಣ್ಣ ಅರಸನಿಂದ ಮೂಲಪಳ್ಳಿ ಎಂಬ ಊರನ್ನು ಪಡೆದು, ಅದನ್ನು ಬಸದಿಯ ದುರಸ್ತಿ ಮುಂತಾದ ಕೆಲಸಕ್ಕೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ. ಕಲ್ಲು ಹೇಳುವುದು ಇಷ್ಟನ್ನು. ಕಟ್ಟಿಸಿದವರನ್ನು ಅದು ಗೌರವಿಸುತ್ತದೆ, ಸಂದೇಹವಿಲ್ಲ. ಹಾಗೆ ಗೌರವಿಸುವಾಗ ಯಾರಿಂದ ಏನು ಬಂತು, ಯಾತಕ್ಕೆ ಬಂತು, ಮುಂದೆ ಯಾರ ಕೈಗೆ ಹೋಯಿತು ಎಂಬುದನ್ನೂ ಬರೆದಿಡುತ್ತದೆ. ಕಟ್ಟಡ ಎದ್ದ ಮೇಲೆ ಅದರ ದುರಸ್ತಿಗೆ ದುಡ್ಡು ಎಲ್ಲಿಂದ ಎಂದು ಸಾವಿರದ ನೂರು ವರ್ಷದ ಹಿಂದೆಯೇ ಯೋಚಿಸಿದ್ದರು. ಇಂದಿನ ಉದ್ಘಾಟನಾ ಫಲಕಗಳಲ್ಲಿ ಮಂತ್ರಿಯಿಂದ ಹಿಡಿದು ಗುತ್ತಿಗೆದಾರನವರೆಗೆ ಹೆಸರುಗಳಿರುತ್ತವೆ, ದುರಸ್ತಿಯ ಮಾತು ಎಲ್ಲೂ ಇರುವುದಿಲ್ಲ. ಧರ್ಮಪುರಿ ಸೀಮೆಯಲ್ಲಿ ಹೇರಳವಾಗಿ ಸಿಕ್ಕಿರುವ ವೀರಗಲ್ಲುಗಳೂ ಇದೇ ಜಾತಿಯವು. ಬರಹವಿರುವ ಕಲ್ಲುಗಳು ಯಾವ ಅರಸನ ಕಾಲ, ಯಾವ ಊರು, ತುರು ಬಿಡಿಸಲು ಹೋಗಿ ಸತ್ತವನು ಯಾರು ಎಂದು ಹೇಳಿ ಮುಗಿಸುತ್ತವೆ. ಮಾಡಿದ ಕೆಲಸದ ವಿವರವೇ ಅಲ್ಲಿ ಹೊಗಳಿಕೆ.

ಇನ್ನು ಹತ್ತಿರದ ಕಾಲಕ್ಕೆ ಬಂದರೆ ಸೇಲಂ ಪುರಸಭೆಯ ಉದಾಹರಣೆಯಿದೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದ ಸಿ. ರಾಜಗೋಪಾಲಾಚಾರಿ 1911ರಲ್ಲಿ ಆ ಪುರಸಭೆಯ ಸದಸ್ಯರಾದರು, 1917ರಿಂದ 1919ರವರೆಗೆ ಅದರ ಅಧ್ಯಕ್ಷರಾಗಿದ್ದರು. ಜನ ಅವರನ್ನು ನೆನೆಯುವುದು ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿ, 1954ರ ಭಾರತರತ್ನವಾಗಿ. 1937ರ ಅಕ್ಟೋಬರ್ 1ರಂದು ಅವರ ಸರ್ಕಾರ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲೇ ಎಂಬುದೂ ಕೆಲವರಿಗೆ ಗೊತ್ತು. ಪುರಸಭೆಯ ವರ್ಷಗಳು ಮಾತ್ರ ಬದುಕಿನ ಅಡಿಟಿಪ್ಪಣಿಯಾಗಿ ಉಳಿದಿವೆ. ಆ ವರ್ಷಗಳಲ್ಲಿ ನಡೆದದ್ದು ಸಣ್ಣದಲ್ಲ. ಆ ಪುರಸಭೆಗೆ ಮೊದಲ ದಲಿತ ಸದಸ್ಯ ಬಂದದ್ದು ಅವರ ಪ್ರಯತ್ನದಿಂದ. ಅಗ್ರಹಾರದ ಕೊಳಾಯಿಗೆ ನೀರು ಬಿಡುವ ಕೆಲಸಕ್ಕೆ ಅಸ್ಪೃಶ್ಯನೆಂದು ದೂರ ಇಡಲಾಗಿದ್ದ ಸಮುದಾಯದವನೊಬ್ಬನನ್ನು ನೇಮಿಸಿದಾಗ ಅಲ್ಲಿ ದೊಡ್ಡ ಗಲಾಟೆ ಎದ್ದಿತೆಂದೂ, ಅಧ್ಯಕ್ಷರು ಬಗ್ಗಲಿಲ್ಲವೆಂದೂ ಅವರ ಜೀವನಚರಿತ್ರೆ ಹೇಳುತ್ತದೆ. ನೀರಗಂಟಿಯ ಹುದ್ದೆಗೆ ಯಾರನ್ನು ಹಾಕುತ್ತೀರಿ ಎನ್ನುವ ಪ್ರಶ್ನೆಯಲ್ಲಿ ಇಡೀ ಊರಿನ ನ್ಯಾಯ ಅಡಗಿರುತ್ತದೆ ಎಂದು ಹಳ್ಳಿ ರಾಜಕಾರಣ ಬಲ್ಲ ಯಾರಿಗೂ ವಿವರಿಸಬೇಕಿಲ್ಲ. ಇಂಥ ಒಂದು ನೇಮಕಾತಿ ಆದೇಶ ಹತ್ತು ಭಾಷಣಗಳಿಗಿಂತ ದೊಡ್ಡ ಸೇವೆ. ಆದರೆ ಸನ್ಮಾನ ಪತ್ರದ ಭಾಷೆಯಲ್ಲಿ ಇದಕ್ಕೆ ಜಾಗವಿರುವುದಿಲ್ಲ. ಅಲ್ಲಿ ಎಲ್ಲರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು, ಎಲ್ಲರೂ ಅಜಾತಶತ್ರುಗಳು. ಅಗ್ರಹಾರವನ್ನು ಎದುರು ಹಾಕಿಕೊಂಡವರನ್ನು ಅಜಾತಶತ್ರು ಎಂದರೆ ಅವರ ಕೆಲಸವನ್ನೇ ಅಳಿಸಿದಂತೆ.

ಅದೇ ಪುರಸಭೆಗೆ ಸೇರಿದ ಇನ್ನೊಂದು ಪ್ರಸಂಗವನ್ನೂ ಇಲ್ಲೇ ಹೇಳಿಬಿಡಬಹುದು. 1882ರ ಸೇಲಂ ಗಲಭೆಯ ಮೊಕದ್ದಮೆಯಲ್ಲಿ ಸಿ. ವಿಜಯರಾಘವಾಚಾರ್ಯರಿಗೆ ಶಿಕ್ಷೆಯಾಗಿ, ಪುರಸಭೆಯ ಸದಸ್ಯತ್ವವೂ ಹೋಯಿತು. ಮೇಲ್ಮನವಿಯಲ್ಲಿ ಬಿಡುಗಡೆಯಾದ ಮೇಲೆ ಅವರು ಆ ಅನರ್ಹತೆಯನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಿ ರದ್ದುಮಾಡಿಸಿದರು, ಬ್ರಿಟಿಷ್ ಸರ್ಕಾರದ ಭಾರತ ಸಚಿವರಿಂದ 100 ರೂಪಾಯಿ ಪರಿಹಾರ ವಸೂಲು ಮಾಡಿದರು. ಮುಂದೆ 1920ರ ನಾಗಪುರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದವರು ಇವರೇ. ಒಂದು ಪುರಸಭೆಯ ಕುರ್ಚಿಗಾಗಿ ಸಾಮ್ರಾಜ್ಯದ ಮೇಲೆ ದಾವೆ ಹೂಡಿದ ಮನುಷ್ಯ ಆ ಕುರ್ಚಿಯನ್ನು ಎಷ್ಟು ಗಂಭೀರವಾಗಿ ಎಣಿಸಿರಬೇಕು! ಅದನ್ನು ನಾವು ಈಗ ವಿಧಾನಸಭೆಗೆ ಹತ್ತುವ ಮೆಟ್ಟಿಲು ಎಂದಷ್ಟೇ ಎಣಿಸುತ್ತೇವೆ.

2025ರ ಜನವರಿಯಲ್ಲಿ ಇಳಿದವರ ಐದು ವರ್ಷವನ್ನು ಈಗ ನೋಡೋಣ. ಅವರು ಕುರ್ಚಿಗೆ ಬಂದು ಮೂರು ತಿಂಗಳು ತುಂಬುವ ಮೊದಲೇ ಕೊರೊನಾ ಲಾಕ್‌ಡೌನ್ ಬಂತು. ಬ್ಲೀಚಿಂಗ್ ಪೌಡರ್ ಚೆಲ್ಲಿಸುವುದು, ಹೊರಗಿನಿಂದ ಬಂದವರನ್ನು ಪ್ರತ್ಯೇಕ ಇರಿಸುವುದು, ಅವರಿಗೆ ದಿನಸಿ ಮುಟ್ಟಿಸುವುದು ಅವರ ಮೊದಲ ಪಾಠ. ಲೆಕ್ಕ ಒಪ್ಪಿಸುವ ಜಾಗವಾದ ಗ್ರಾಮಸಭೆಗೂ ಅದೇ ಹೊತ್ತಿಗೆ ಬಾಗಿಲು ಬಿತ್ತು. 2020ರ ಅಕ್ಟೋಬರ್ 2ರಂದು ನಡೆಯಬೇಕಿದ್ದ ಸಭೆಗಳು ಸೋಂಕಿನ ಕಾರಣಕ್ಕೆ ರದ್ದಾದವು. ಆಮೇಲೆ 2022ರಲ್ಲಿ ತಮಿಳುನಾಡು ಸರ್ಕಾರ ಗ್ರಾಮಸಭೆಗಳನ್ನು ವರ್ಷಕ್ಕೆ ನಾಲ್ಕರಿಂದ ಆರಕ್ಕೆ ಏರಿಸಿತು, ನವೆಂಬರ್ 1ನ್ನು ಸ್ಥಳೀಯ ಸಂಸ್ಥೆಗಳ ದಿನವೆಂದು ಗೊತ್ತುಮಾಡಿತು. ನಮಗೆ ರಾಜ್ಯೋತ್ಸವದ ದಿನ, ಅವರಿಗೆ ಪಂಚಾಯಿತಿಯ ದಿನ. ಒಳ್ಳೆಯ ಹೆಜ್ಜೆ, ಅವಧಿಯ ಅರ್ಧ ಕಳೆಯುತ್ತ ಬಂದಾಗ.

ಧರ್ಮಪುರಿಯ ಅಧ್ಯಕ್ಷರ ಕೆಲಸವನ್ನು ಅಳೆಯುವ ಅಸಲಿ ಕೋಲು ನೀರು. ಆ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿಗೆ ಕಲೆ, ದೊಡ್ಡವರ ಮೂಳೆ ಕೀಲುಗಳಿಗೆ ನೋವು, ಸೊಟ್ಟು. ಇದಕ್ಕೆ ಪರಿಹಾರವಾಗಿ ಜಪಾನಿನ ಸಾಲದ ನೆರವಿನಿಂದ, ಸುಮಾರು 1,928 ಕೋಟಿ ರೂಪಾಯಿಯ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ಅಡಿಗಲ್ಲು, 2013ರಲ್ಲಿ ಚಾಲನೆ. ಕರ್ನಾಟಕದಲ್ಲಿ ಈ ಹೆಸರು ಕೇಳಿದರೆ ನೆನಪಾಗುವುದು 2008ರ ಪ್ರತಿಭಟನೆಗಳು. ಎರಡು ಸರ್ಕಾರಗಳ ವಾದ ಏನೇ ಇರಲಿ, ಹಳ್ಳಿಯ ಮಟ್ಟದಲ್ಲಿ ನಡೆಯುವುದೇ ಬೇರೆ. ದೊಡ್ಡ ಕೊಳವೆಯ ನೀರು ಊರಿನ ಮೇಲ್ತೊಟ್ಟಿಯವರೆಗೆ ಬರುವುದು ಯೋಜನೆಯ ಹೊಣೆ. ತೊಟ್ಟಿಯಿಂದ ಬೀದಿ ಬೀದಿಗೆ ಬಿಡುವುದು ಪಂಚಾಯಿತಿಯ ಹೊಣೆ. ಮೇಲಿನ ಕೇರಿಗೆ ವಾರಕ್ಕೆ ಎಷ್ಟು ಸಲ, ಕಾಲೊನಿಗೆ ಎಷ್ಟು ಸಲ. ವಾಲ್ವ್ ತಿರುಗಿಸುವವನು ಯಾರ ಮನೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆ. ಪಂಪು ಸುಟ್ಟಾಗ ಎಷ್ಟು ದಿನ ಹಳೆಯ ಕೊಳವೆಬಾವಿಯ ಫ್ಲೋರೈಡ್ ನೀರನ್ನೇ ಬೆರೆಸಿ ಬಿಟ್ಟರು. ಒಬ್ಬ ಅಧ್ಯಕ್ಷರು ಇಳಿಯುವಾಗ ಊರು ಕೇಳಬೇಕಾದ ಪ್ರಶ್ನೆಗಳು ಇವು. ಇವಕ್ಕೆ ಉತ್ತರ ಕೊಡಬಲ್ಲವರಿಗೆ ಶಾಲು ಹೊದಿಸಲು ಯಾರ ತಕರಾರೂ ಇರಲಾರದು.

ಇಲ್ಲಿ ಏಳುವ ಮೊದಲ ಆಕ್ಷೇಪ, ಇದು ತೀರಾ ಒಣ ಮಾತು ಎಂಬುದು. ಅಲ್ಪ ಗೌರವಧನಕ್ಕೆ, ಮನೆ ಮಠ ಬಿಟ್ಟು, ಅರ್ಧರಾತ್ರಿ ಪೈಪು ಒಡೆದರೂ ಎದ್ದುಹೋದವರನ್ನು ಕೊನೆಯ ದಿನ ಕಟಕಟೆಯಲ್ಲಿ ನಿಲ್ಲಿಸುವುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಲೆಕ್ಕ ಕೇಳುವುದನ್ನು ಅವಮಾನ ಎಂದು ಏಕೆ ತಿಳಿಯಬೇಕು? ಸಹಕಾರ ಸಂಘದಲ್ಲಿ, ಜಾತ್ರಾ ಸಮಿತಿಯಲ್ಲಿ, ಹೆಂಗಸರ ಸ್ವಸಹಾಯ ಗುಂಪಿನಲ್ಲಿ ವರ್ಷಕ್ಕೊಮ್ಮೆ ಲೆಕ್ಕ ಓದುತ್ತಾರೆ, ಓದಿದವರಿಗೆ ಅದರಿಂದ ಮರ್ಯಾದೆ ಹೆಚ್ಚುತ್ತದೆ. ಲೆಕ್ಕವಿಲ್ಲದ ಸನ್ಮಾನದಲ್ಲಿ ಇನ್ನೊಂದು ಅನ್ಯಾಯವೂ ಇದೆ. ವೇದಿಕೆಯ ಮೇಲೆ ಇರುವವರು ಸಾಮಾನ್ಯವಾಗಿ ಅಧ್ಯಕ್ಷರಿಂದ ಕೆಲಸ ಆಗಿಸಿಕೊಂಡವರು. ನೀರು ಮುಟ್ಟದ ಕೇರಿಯವರು ಅಲ್ಲಿ ಮೈಕು ಹಿಡಿಯುವುದಿಲ್ಲ. ಹಾಗಾಗಿ ದುಡಿದವರಿಗೂ ದುಡ್ಡು ನುಂಗಿದವರಿಗೂ ಒಂದೇ ಅಳತೆಯ ಶಾಲು, ಒಂದೇ ಬಗೆಯ ವಿಶೇಷಣ. ಇದರಿಂದ ನಷ್ಟ ಯಾರಿಗೆ? ಪ್ರಾಮಾಣಿಕರಿಗೆ. ತಮ್ಮ ಐದು ವರ್ಷ ಪಕ್ಕದ ಊರಿನ ಗುತ್ತಿಗೆದಾರ ಅಧ್ಯಕ್ಷನ ಐದು ವರ್ಷಕ್ಕಿಂತ ಬೇರೆಯಾಗಿತ್ತು ಎಂದು ತೋರಿಸಲು ಅವರ ಕೈಯಲ್ಲಿ ಲೆಕ್ಕದ ಪುಸ್ತಕ ಬಿಟ್ಟರೆ ಬೇರೇನಿದೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪಂಚಾಯಿತಿ ಅಧ್ಯಕ್ಷರ ಕೈಯಲ್ಲಿ ಇರುವುದಾದರೂ ಎಷ್ಟು? 1994ರ ತಮಿಳುನಾಡು ಪಂಚಾಯಿತಿ ಕಾಯ್ದೆಯಲ್ಲಿ ಅಧ್ಯಕ್ಷರನ್ನು ತೆಗೆದುಹಾಕುವ ಕ್ರಮ ಜಿಲ್ಲಾಧಿಕಾರಿಯ ಮೂಲಕ ನಡೆಯುತ್ತದೆ; ಚೆಕ್ಕಿಗೆ ಉಪಾಧ್ಯಕ್ಷರ ಸಹಿಯೂ ಬೇಕು; ಯೋಜನೆಗಳ ಪಟ್ಟಿ ಮೇಲಿನಿಂದ ಬರುತ್ತದೆ; ಉದ್ಯೋಗ ಖಾತರಿಯ ಕೂಲಿ ದೆಹಲಿಯಿಂದ ಬರುವುದು ತಡವಾದರೆ ಬೈಗುಳ ತಿನ್ನುವವರು ಊರಿನ ಅಧ್ಯಕ್ಷರು. ಮೀಸಲು ಕ್ಷೇತ್ರದಿಂದ ಬಂದವರಿಗಂತೂ ಕುರ್ಚಿಯಲ್ಲಿ ಕೂರುವುದೇ ಹೋರಾಟ. ಮದುರೆ ಜಿಲ್ಲೆಯ ಮೇಲವಳವು ಪಂಚಾಯಿತಿಯ ದಲಿತ ಅಧ್ಯಕ್ಷ ಮುರುಗೇಶನ್ 1997ರ ಜೂನ್‌ನಲ್ಲಿ ಕೊಲೆಯಾದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರಮಂಗಲಂ ಊರುಗಳಲ್ಲಿ ಹತ್ತು ವರ್ಷ ಕಾಲ ಒಂದೋ ಚುನಾವಣೆಯೇ ನಡೆಯುತ್ತಿರಲಿಲ್ಲ, ಇಲ್ಲವೇ ಗೆದ್ದವರಿಂದ ಕೂಡಲೇ ರಾಜೀನಾಮೆ ಕೊಡಿಸಲಾಗುತ್ತಿತ್ತು. 2006ರಲ್ಲಿ ಅಲ್ಲಿ ಕೊನೆಗೂ ಚುನಾವಣೆ ನಡೆದಾಗ ಸರ್ಕಾರ ಆ ಅಧ್ಯಕ್ಷರನ್ನು ಚೆನ್ನೈಗೆ ಕರೆಸಿ ಸಮಾನತೆಯ ಉತ್ಸವ ಮಾಡಿ ಸನ್ಮಾನಿಸಿತು. 2020ರ ಅಕ್ಟೋಬರ್‌ನಲ್ಲೂ ಕಡಲೂರು ಜಿಲ್ಲೆಯ ತೆರ್ಕುತಿಟ್ಟೈಯಲ್ಲಿ ದಲಿತ ಅಧ್ಯಕ್ಷೆಯನ್ನು ಸಭೆಯಲ್ಲಿ ನೆಲದ ಮೇಲೆ ಕೂರಿಸಿದ ಚಿತ್ರ ಹೊರಬಂತು. 2022ರ ಸ್ವಾತಂತ್ರ್ಯ ದಿನಕ್ಕೆ ಮುಂಚೆ, ದಲಿತ ಅಧ್ಯಕ್ಷರು ಧ್ವಜಾರೋಹಣ ಮಾಡುವುದಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಿ ಎಂದು ರಾಜ್ಯದ ಮುಖ್ಯ ಕಾರ್ಯದರ್ಶಿಯೇ ಜಿಲ್ಲಾಧಿಕಾರಿಗಳಿಗೆ ಬರೆಯಬೇಕಾಯಿತು.

ಇಂಥವರಿಂದ ರಸ್ತೆ ಎಷ್ಟು ಮೀಟರ್ ಹಾಕಿಸಿದಿರಿ ಎಂದು ಲೆಕ್ಕ ಕೇಳುವುದು ಕ್ರೂರವಲ್ಲವೇ? ಬರೀ ಮೀಟರುಗಳ ಲೆಕ್ಕವಾದರೆ ಕ್ರೂರವೇ. ನಾನು ಹೇಳುತ್ತಿರುವ ಲೆಕ್ಕದಲ್ಲಿ ಆಗದ ಕೆಲಸಗಳ ಪಟ್ಟಿಯೂ ಇರಬೇಕು, ಏಕೆ ಆಗಲಿಲ್ಲ ಎಂಬುದೂ ಇರಬೇಕು. ಯಾವ ನಿರ್ಣಯ ಕಳಿಸಿದೆವು, ಯಾವ ಕಚೇರಿಯಲ್ಲಿ ಎಷ್ಟು ಕಾಲ ಕೂತಿತು, ಯಾವ ಚೆಕ್ಕಿಗೆ ಯಾರು ಸಹಿ ಹಾಕಲಿಲ್ಲ, ಯಾವ ಸಭೆಯಲ್ಲಿ ಕುರ್ಚಿ ಕೊಡಲಿಲ್ಲ. ಇದು ನಡವಳಿ ಪುಸ್ತಕದಲ್ಲಿ ದಾಖಲಾಗಿ, ಊರಿನ ಎದುರು ಅವರ ಬಾಯಿಂದಲೇ ಓದಿಸಿದರೆ, ಮುಂದಿನ ಅಧ್ಯಕ್ಷರಿಗೆ ಅದೇ ಆಯುಧ. ಹೆಂಡತಿ ಗೆದ್ದು ಗಂಡ ಆಳುವ ಊರುಗಳಲ್ಲೂ ಈ ನಿಯಮಕ್ಕೆ ಬೆಲೆಯಿದೆ: ಲೆಕ್ಕ ಓದುವವರು ಸಹಿ ಹಾಕಿದ ಅಧ್ಯಕ್ಷೆಯೇ ಆಗಿರಬೇಕು, ಹಾರ ಬೀಳುವುದು ಅವರ ಕೊರಳಿಗೇ. ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿರುವ ರಾಜ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಸೇಲಂ, ಧರ್ಮಪುರಿಯಲ್ಲಿ ಒಂದು ದೊಡ್ಡ ಕೊರತೆ ಉಳಿಯುತ್ತದೆ. ಇಳಿದವರು ಲೆಕ್ಕವನ್ನು ಒಪ್ಪಿಸಬೇಕಾದದ್ದು ಯಾರಿಗೆ? 2025ರ ಜನವರಿ 6ರಂದು ಅಧಿಕಾರ ವಹಿಸಿಕೊಂಡವರು ಸರ್ಕಾರ ನೇಮಿಸಿದ ವಿಶೇಷಾಧಿಕಾರಿಗಳು. ಅವರ ಅವಧಿ ಒಂದು ಸಲ ಮುಗಿದು ಮತ್ತೆ ವಿಸ್ತರಣೆಯಾಯಿತು. 2025 ಪೂರ್ತಿ ಕಳೆದರೂ ಚುನಾವಣೆ ನಡೆಯಲಿಲ್ಲ. ಇದೇನು ಹೊಸದೂ ಅಲ್ಲ. 2016ರ ಅಕ್ಟೋಬರ್‌ನಲ್ಲಿ ಹಿಂದಿನ ಅವಧಿ ಮುಗಿದಾಗಲೂ ವ್ಯಾಜ್ಯ, ವಾರ್ಡ್ ಮರುವಿಂಗಡಣೆ ಎಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳ ಆಡಳಿತವಿತ್ತು. ಸಂವಿಧಾನದ 243ಇ ವಿಧಿ ಐದು ವರ್ಷಕ್ಕಿಂತ ಹೆಚ್ಚಿಗೆ ಒಂದು ದಿನವನ್ನೂ ಕೊಡುವುದಿಲ್ಲ, ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಸಬೇಕು ಎನ್ನುತ್ತದೆ. ಸುಪ್ರೀಂ ಕೋರ್ಟು 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ನಗರ ಸಂಸ್ಥೆಗಳ ವಿಷಯದಲ್ಲಿ, ಇದನ್ನೇ ಖಡಾಖಂಡಿತವಾಗಿ ಹೇಳಿತು.

ಅಧಿಕಾರಿಗಳು ಪಕ್ಷಪಾತವಿಲ್ಲದೆ ಚೊಕ್ಕವಾಗಿ ಕೆಲಸ ಮಾಡುತ್ತಾರೆ, ಕೆಲವು ಕಾಲ ಹಾಗೇ ನಡೆದರೆ ನಷ್ಟವೇನು ಎನ್ನುವವರೂ ಇದ್ದಾರೆ. ಅಂಥ ಅಧಿಕಾರಿಗಳು ಇಲ್ಲವೆಂದಲ್ಲ. ಆದರೆ ಸೇಲಂನ 385 ಪಂಚಾಯಿತಿಗಳು 20 ಪಂಚಾಯಿತಿ ಒಕ್ಕೂಟಗಳಲ್ಲಿ (ಬ್ಲಾಕ್) ಇವೆ, ಧರ್ಮಪುರಿಯ 251 ಪಂಚಾಯಿತಿಗಳು 10 ಒಕ್ಕೂಟಗಳಲ್ಲಿ. ಒಕ್ಕೂಟಕ್ಕೊಬ್ಬ ಬ್ಲಾಕ್ ಅಭಿವೃದ್ಧಿ ಅಧಿಕಾರಿ (ಬಿಡಿಒ) ಹೊಣೆ ಹೊತ್ತರೆ ಸೇಲಂನಲ್ಲಿ ಸರಾಸರಿ 19 ಊರಿಗೆ, ಧರ್ಮಪುರಿಯಲ್ಲಿ 25 ಊರಿಗೆ ಒಬ್ಬರು. ಮೇಲ್ತೊಟ್ಟಿಯ ಮೋಟಾರು ಕೆಟ್ಟ ರಾತ್ರಿ ಇಪ್ಪತ್ತೈದು ಊರಿನ ಜನ ಒಬ್ಬರ ಮನೆ ಬಾಗಿಲು ಬಡಿಯುವುದು ಸಾಧ್ಯವೇ? ಆ ಅಧಿಕಾರಿ ಉತ್ತರ ಹೇಳಬೇಕಾದದ್ದೂ ಮೇಲಿನವರಿಗೆ, ಊರಿನವರಿಗಲ್ಲ. ದುಡ್ಡಿನ ಪೆಟ್ಟು ಬೇರೆ: ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿರುವುದರಿಂದ 2016ರ ನಂತರದ ವರ್ಷಗಳಲ್ಲಿ ತಮಿಳುನಾಡಿನ ಪಂಚಾಯಿತಿಗಳಿಗೆ ಬರಬೇಕಿದ್ದ ಕೇಂದ್ರದ ಹಣ ತಡೆಹಿಡಿಯಲ್ಪಟ್ಟಿತ್ತು. ತಮಿಳುನಾಡಿನ ಅನೇಕ ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೆ ಈವರೆಗಿನ ಅಧ್ಯಕ್ಷರ ಹೆಸರು, ಬಂದ ತಾರೀಖು, ಹೋದ ತಾರೀಖು ಬರೆದ ಹಲಗೆಯಿರುತ್ತದೆ. ಅಂಥ ಪಟ್ಟಿಯ ನಡುವೆ ವಿಶೇಷಾಧಿಕಾರಿ ಎಂಬ ಸಾಲು ಬಂದಲ್ಲೆಲ್ಲ, ಊರು ತನ್ನವರಿಂದ ಲೆಕ್ಕ ಪಡೆದು ತನ್ನವರಿಗೇ ಕೊಡುವುದು ತಪ್ಪಿಹೋಗಿದೆ ಎಂದು ಓದಿಕೊಳ್ಳಬೇಕು.

ನಾವೇನೂ ಇದಕ್ಕೆ ಬೆರಳು ತೋರಿಸುವ ಸ್ಥಿತಿಯಲ್ಲಿಲ್ಲ. ಕರ್ನಾಟಕದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆ ಕಾಣದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. 1983ರ ಕಾಯ್ದೆ ತಂದು, 1987ರ ಚುನಾವಣೆಯಿಂದ ಜಿಲ್ಲಾ ಪರಿಷತ್ತುಗಳಿಗೆ ಜೀವ ಕೊಟ್ಟ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಇಟ್ಟಿದ್ದೇವೆ. ಕೊಳವೆಬಾವಿ ಕೊರೆಸಿದ ನೀರ್ ಸಾಬ್ ಎಂದು ಜನ ಪ್ರೀತಿಯಿಂದ ಕರೆದ ಆ ಮನುಷ್ಯನ ಹೆಸರನ್ನು ಉಳಿಸಿಕೊಂಡು, ಅವರು ಕಟ್ಟಿದ ಸಂಸ್ಥೆಯನ್ನು ಖಾಲಿ ಬಿಟ್ಟಿದ್ದೇವೆ. ಗೌರವ ಎಂದರೆ ಇದೇನಾ? ಹಾಗೆಂದು ನಮ್ಮಲ್ಲಿ ದಾರಿ ಇಲ್ಲದಿಲ್ಲ. ಗ್ರಾಮ ಪಂಚಾಯಿತಿಗಳ ಲೆಕ್ಕಪತ್ರ, ಕಾಮಗಾರಿಗಳನ್ನು ವರ್ಷಕ್ಕೊಮ್ಮೆ ಜನರ ಎದುರು ಪರಿಶೀಲಿಸುವ ಜಮಾಬಂದಿ ನಮ್ಮ ಕಾನೂನಿನಲ್ಲೇ ಇದೆ. ಅವಧಿ ಮುಗಿಯುವ ವರ್ಷ ಅದನ್ನೇ ಐದೂ ವರ್ಷಕ್ಕೆ ಹಿಗ್ಗಿಸಿ, ಅದರ ಕೊನೆಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರೆ ಹೊಸ ಕಾಯ್ದೆಯೂ ಬೇಡ, ಹೆಚ್ಚಿನ ಖರ್ಚೂ ಇಲ್ಲ.

2020ರ ಡಿಸೆಂಬರ್‌ನಲ್ಲಿ ಚುನಾವಣೆ ಕಂಡ ಕರ್ನಾಟಕದ ಗ್ರಾಮ ಪಂಚಾಯಿತಿಗಳೂ ಐದು ವರ್ಷ ಪೂರೈಸಿವೆ. ನಿಮ್ಮ ಊರಿನಲ್ಲೂ ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ ಅಚ್ಚಾಗುತ್ತದೆ, ವಸೂಲಿಗೆ ಹುಡುಗರು ಮನೆಗೆ ಬರುತ್ತಾರೆ. ಆಗ ಅವರಿಗೆ ಒಂದು ಮಾತು ಹೇಳಿ. ಪತ್ರಿಕೆಯ ಹಿಂಬದಿ ಹೇಗೂ ಖಾಲಿ ಬಿಡುತ್ತೀರಿ. ಐದು ವರ್ಷದಲ್ಲಿ ಬಂದ ಹಣ, ಆದ ಖರ್ಚು, ಯಾವ ಕೇರಿಗೆ ವಾರಕ್ಕೆ ಎಷ್ಟು ಸಲ ನೀರು, ಆಗದೆ ಉಳಿದ ಕೆಲಸಗಳು, ಇಷ್ಟನ್ನು ಅಲ್ಲಿ ಹಾಕಿಸಿ, ಸಭೆಯಲ್ಲಿ ಮೊದಲು ಅದನ್ನು ಓದಿಸಿ. ಒಪ್ಪಿದರೆ ಚಂದಾ ಕೊಡಿ, ಶಾಲಿಗೂ ಸೇರಿಸಿ ಕೊಡಿ. ಒಪ್ಪದಿದ್ದರೆ ಕೊಡಬೇಡಿ.